ಬೇಲಿಯಾಚೆಯ ಟೀಚರು, ನನ್ನ ತಪ್ಪು ಕಾಣಿಕೆ

ಮೆಲ್ಬರ್ನಿನಿಂದ ಬಂದ ಪಾರ್ಸೆಲ್ಲಿನಲ್ಲಿ ಒಂದು ಬೀಡುಕಬ್ಬಿಣದ ಬಾಣಲೆ ಇತ್ತು. ಹಳೆಯ ಟವೆಲಿನಲ್ಲಿ ಸುತ್ತಿ, ಮೇಲೆ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ತೊಳೆಯುವ ಮೊದಲೇ ಯಾಕೋ ಹಾಗೆಯೇ ಒಲೆಯ ಮೇಲಿಟ್ಟೆ. ಕಾಯುತ್ತಿದ್ದಂತೆ ಮೆಕ್ಕೆಜೋಳದ ಹಿಟ್ಟು ಹುರಿದ ವಾಸನೆ, ಅದರ ಬೆನ್ನಿಗೇ ಬೆಂಡೆಕಾಯಿ ಎಣ್ಣೆಯಲ್ಲಿ ಬಾಡಿದ ವಾಸನೆ ಎದ್ದು ಬಂತು. ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸಿನ ನನ್ನ ಈ ಮನೆ ಹೊಸದು. ಮಾರ್ಟ್‌ಗೇಜ್ ಮೂವತ್ತು ವರ್ಷದ್ದು, ಪೇಂಟಿನ ವಾಸನೆ ಇನ್ನೂ ಹೋಗಿಲ್ಲ. ನಾನು ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಬಾಣಲೆ ಟೀಚರದ್ದು. ಅಮ್ಮನದ್ದು, ನಿನಗೆ ಎಂದು ಅವರ ಮಗಳು ಚೀಟಿಯಲ್ಲಿ ಬರೆದಿದ್ದಳು. ಟೀಚರು ಸಿಡ್ನಿಯದೇ ಬಡಾವಣೆ ಗಿರಾವೀನಿನಲ್ಲಿ ನಮ್ಮ ಪಕ್ಕದ ಮನೆಯವರು. 'ನಮ್ಮ' ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ನಾನಿದ್ದ ಮನೆ ನನ್ನದಾಗಿರಲಿಲ್ಲ, ನಾನೂ ಅದರವಳಾಗಿರಲಿಲ್ಲ. ಆದರೆ ಅಲ್ಲಿ ಇದ್ದ ಒಂದು ವರ್ಷ ಎಂಟು ತಿಂಗಳೂ ನಾನು ಹಾಗೆಯೇ ಹೇಳುತ್ತಿದ್ದೆ.

ಆಗ ನನಗೆ ಇಪ್ಪತ್ತಮೂರು. ದೊಡ್ಡಮ್ಮನ ಕಡೆಯಿಂದ ದೂರದ ಸಂಬಂಧದ ಅಕ್ಕ ಒಬ್ಬಳು ಗಂಡನ ಜೊತೆ ಸಿಡ್ನಿಯಲ್ಲಿದ್ದಳು. ಇಬ್ಬರಿಗೂ ಪ್ಯಾರಮಟ್ಟಾದಲ್ಲಿ ಆಫೀಸು, ಎರಡು ವರ್ಷದ ಮಗು. ಮಗುವನ್ನು ನೋಡಿಕೊಳ್ಳಲು ಮನೆಯವರೇ ಒಬ್ಬರು ಬೇಕು ಎಂದು ಉಡುಪಿಗೆ ಬಂದಳು. ಮಗು ಶಾಲೆಗೆ ಸೇರುವ ತನಕ ನೀನು ನೋಡಿಕೋ, ಆಮೇಲೆ ನಿನ್ನನ್ನು ಒಳ್ಳೆಯ ಕೋರ್ಸಿಗೆ ಸೇರಿಸುವ ಜವಾಬ್ದಾರಿ ನಮ್ಮದು ಎಂದಳು. ನನಗೆ ನರ್ಸಿಂಗ್ ಓದುವ ಆಸೆ ಇತ್ತು. ನಮ್ಮ ಮನೆಯಲ್ಲಿ ಅದು ಆಗುವಂಥದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಡುವ ಹಿಂದಿನ ದಿನ ಅಮ್ಮನ ಎದುರಿಗೇ, ದೇವರ ದೀಪದ ಮುಂದೆ ಅಕ್ಕ ನನ್ನಿಂದ ಮಾತು ತೆಗೆದುಕೊಂಡಳು. ಮಗು ಶಾಲೆಗೆ ಹೋಗುವ ತನಕ ಬಿಟ್ಟು ಹೋಗುವುದಿಲ್ಲ ಎಂದು ನಾನು ಆಣೆ ಇಟ್ಟೆ. ಇಡುವಾಗ ಖುಷಿಯಾಗಿಯೇ ಇದ್ದೆ.

ಸಿಡ್ನಿಗೆ ಇಳಿದ ದಿನ ಭಾವ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ. "ಕೊಡಮ್ಮ, ಸೇಫ್ ಆಗಿ ಇಡೋಣ" ಎಂದರು. ಆ ಮನೆಯ ಬೆಡ್‌ಶೀಟು, ಟವೆಲು ಇಡುವ ಕಪಾಟನ್ನು ಖಾಲಿ ಮಾಡಿ ಅದರಲ್ಲೇ ದೇವರನ್ನು ಇಟ್ಟಿದ್ದರು. ದೇವರ ಪೀಠದ ಕೆಳಗೆ ಒಂದು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ನನ್ನ ಪಾಸ್‌ಪೋರ್ಟನ್ನು ಇಟ್ಟು, ಮೇಲೊಂದು ಹೂ ಇಟ್ಟು ಅಕ್ಕ ಕೈ ಮುಗಿದಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ನನ್ನ ಪಾಸ್‌ಪೋರ್ಟಿಗೆ ನಾನೇ ದೀಪ ಹಚ್ಚಿದ್ದು. ಇಂಥ ಪುಣ್ಯ ಯಾರಿಗೆ ಸಿಕ್ಕೀತು!

ಕೆಲಸ ಬೆಳಿಗ್ಗೆ ಐದೂವರೆಗೆ ಶುರು. ಅಡುಗೆ, ಬಟ್ಟೆ, ನೆಲ, ಮಗು. ಶನಿವಾರ ಭಾನುವಾರ ನೆಂಟರು. ಹೊಡೆದವರಿಲ್ಲ, ಬೈದವರೂ ಕಡಿಮೆ. ಹಬ್ಬಕ್ಕೆ ಅಕ್ಕ ತನಗೆ ತಂದಂಥದ್ದೇ ಚೂಡಿದಾರ ನನಗೂ ತರುತ್ತಿದ್ದಳು. ಸಂಬಳ ಇರಲಿಲ್ಲ, ಮನೆ ಮಗಳಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಯಾವ ವೀಸಾ ಎಂದು ಕೇಳಿದರೆ ಭಾವ, "ನಿಂಗ್ಯಾಕೆ ಆ ಟೆನ್ಷನ್ನು, ಅದೆಲ್ಲ ನಾನ್ ನೋಡ್ಕೋತೀನಿ" ಎನ್ನುತ್ತಿದ್ದರು. ಕೋರ್ಸಿನ ಮಾತು ತೆಗೆದರೆ ಮುಂದಿನ ವರ್ಷ. ಒಬ್ಬಳೇ ಹೊರಗೆ ಹೋಗುವುದು ಬೇಡ, ಊರು ಗೊತ್ತಿಲ್ಲ, ಕಾಲ ಸರಿಯಿಲ್ಲ. ಹೀಗೆ ನನ್ನ ಸಿಡ್ನಿ ಎಂದರೆ ಹಿತ್ತಿಲಿನ ಬಟ್ಟೆ ಒಣಗಿಸುವ ಕಂಬ, ಅದರಾಚೆಗೆ ಎರಡು ಹಲಗೆ ಬಿದ್ದುಹೋದ ಒಂದು ಮರದ ಬೇಲಿ, ಅಷ್ಟೇ.

ಆ ಬೇಲಿಯ ಸಂದಿಯಲ್ಲೇ ನಾನು ಮೊದಲು ಬೆಂಡೆ ಗಿಡ ನೋಡಿದ್ದು, ಆಮೇಲೆ ಟೀಚರನ್ನು. ಎತ್ತರದ ಕಪ್ಪು ಹೆಂಗಸು, ಎಪ್ಪತ್ತು ದಾಟಿದವರು, ತಲೆಗೆ ಒಂದು ಹಳದಿ ಬಟ್ಟೆ ಕಟ್ಟಿಕೊಂಡು ಬಗ್ಗಿ ಕಾಯಿ ಕೊಯ್ಯುತ್ತಿದ್ದರು. ಅಮೆರಿಕದವರು. ಮದುವೆಯಾಗಿ ಈ ದೇಶಕ್ಕೆ ಬಂದು, ಮೆಲ್ಬರ್ನಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ, ಗಂಡ ತೀರಿದ ಮೇಲೆ ಗಿರಾವೀನಿನ ಆ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಹರುಕು ಇಂಗ್ಲಿಷಿನಲ್ಲಿ, ಇದು ನಮ್ಮ ಊರಿನ ತರಕಾರಿ, ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ತನ್ನ ಅಜ್ಜಿಯ ಅಜ್ಜಿಯ ಕಡೆಯವರನ್ನು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ಅಮೆರಿಕಕ್ಕೆ ತಂದು ಮಾರಿದಾಗ, ಅವರ ಜೊತೆಗೇ ಬಂದ ತರಕಾರಿ ಇದು ಎಂದರು. ಒಂದು ಹಿಡಿ ಕಾಯಿ ಸಂದಿಯಲ್ಲಿ ತೂರಿಸಿ ಕೊಟ್ಟರು. ನಾನು ಮಾರನೆಯ ದಿನ ಬೆಂಡೆಕಾಯಿ ಪಲ್ಯ ಮಾಡಿ ಅದೇ ಸಂದಿಯಲ್ಲಿ ವಾಪಸು ಕೊಟ್ಟೆ. ನಮ್ಮ ಗೆಳೆತನ ಶುರುವಾದದ್ದು ಹೀಗೆ.

ದಿನಾ ಹನ್ನೊಂದು ಗಂಟೆಗೆ ನಾನು ಬಟ್ಟೆ ಒಣಗಿಸಲು ಹೋದಾಗ ಅವರೂ ಬೇಲಿಗೆ ಬರುತ್ತಿದ್ದರು. ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ನಾನು ಕೇಳಿದ್ದು ಇತಿಹಾಸವೆಂದು ನನಗೆ ಅನ್ನಿಸಿದ್ದೇ ಇಲ್ಲ, ಪಕ್ಕದೂರಿನ ಸುದ್ದಿ ಕೇಳಿದಂತಿರುತ್ತಿತ್ತು. ಗುಲಾಮಗಿರಿ ನಿಲ್ಲಬೇಕೆಂದು ಅಮೆರಿಕದಲ್ಲಿ ಹೆಂಗಸರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದ್ದು. ಆ ಅರ್ಜಿಗಳನ್ನು ಓದಲೇಬಾರದೆಂದು ಅಲ್ಲಿಯ ಸಂಸತ್ತು ನಿಯಮ ಮಾಡಿದ್ದು. ನಿಯಮ ಮಾಡಿದ ಮೇಲೆ ಹೆಂಗಸರು ಮೊದಲಿಗಿಂತ ಹೆಚ್ಚು ಅರ್ಜಿ ತಂದು ಸುರಿದದ್ದು. ಗುಲಾಮರು ಬೆಳೆದ ಸಕ್ಕರೆ ಮನೆಗೆ ತರುವುದಿಲ್ಲ ಎಂದು ಹಟ ಹಿಡಿದು ಸಕ್ಕರೆ ಹಾಕದ ಕಾಫಿ ಕುಡಿದವರ ಕಥೆ ಹೇಳಿದಾಗ ನಾನು, ಆ ಕಾಫಿಯನ್ನು ಬೆಳೆದವರು ಯಾರು ಎಂದು ಕೇಳಿದೆ. ಟೀಚರು, ನೀನು ನನ್ನ ಕ್ಲಾಸಿನಲ್ಲಿ ಇರಬೇಕಿತ್ತು ಎಂದರು. ಆವತ್ತಿನಿಂದ ನಾನು ಅವರನ್ನು ಟೀಚರ್ ಎಂದೇ ಕರೆದದ್ದು. ಯಾರೋ ಒಬ್ಬ ದೊಡ್ಡ ಮನುಷ್ಯ ಸಹಿ ಹಾಕಿ ಗುಲಾಮರಿಗೆ ಬಿಡುಗಡೆ ಕೊಟ್ಟ ಎಂದು ಯಾರಾದರೂ ಹೇಳಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಓಡಿದವರು ಯಾರು, ಓಡಿದವರಿಗೆ ಹಿತ್ತಿಲ ಬಾಗಿಲು ತೆಗೆದವರು ಯಾರು, ಮೊದಲು ಅದನ್ನು ಹೇಳು ಎನ್ನುತ್ತಿದ್ದರು.

ಒಂದು ದಿನ, ನಿಮ್ಮ ಕಡೆ ಇದೆಲ್ಲ ಇರಲಿಲ್ಲವೇ ಎಂದು ಕೇಳಿದರು. ಇರಲಿಲ್ಲ ಎಂದೆ, ಬಹಳ ಜಂಬದಿಂದ. ಬಟ್ಟೆಯ ಬುಟ್ಟಿ ಹಿಡಿದು ಒಳಗೆ ಬರುವಾಗ ಅಜ್ಜಿಯ ಮಾತು ನೆನಪಾಯಿತು. ಅಜ್ಜಿ ಹುಟ್ಟಿದ ಮನೆಗೆ ಮೂಲದ ಆಳುಗಳು ಇದ್ದರಂತೆ. ಗದ್ದೆ ಕೈ ಬದಲಿಸಿದರೆ ಗದ್ದೆಯ ಜೊತೆಗೆ ಅವರೂ ಹೋಗುತ್ತಿದ್ದರಂತೆ. ಅಜ್ಜಿ ಅದನ್ನು ಹಸುಗಳ ಲೆಕ್ಕ ಹೇಳಿದಂತೆ ಹೇಳಿದ್ದಳು, ನಾನೂ ಹಾಗೆಯೇ ಕೇಳಿದ್ದೆ. ಮಾರನೆಯ ದಿನ ಬೇಲಿಯ ಹತ್ತಿರ ಹೋಗಿ, ಇತ್ತು ಟೀಚರ್, ನಾನು ನಿನ್ನೆ ಸುಳ್ಳು ಹೇಳಿದೆ ಎಂದೆ. ಅವರು ನನ್ನ ಕೈಯನ್ನು ಸಂದಿಯೊಳಗಿಂದ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನಗೆ ಎಲ್ಲಿಗಾದರೂ ಹೋಗಬೇಕೆಂದರೆ ಹೋಗಬಹುದಾ?"

ನಾನು ಹೋಗಬಹುದು ಎಂದೆ. ಪಾಸ್‌ಪೋರ್ಟ್ ಎಲ್ಲಿದೆ ಎಂದರು. ದೇವರ ಕಪಾಟಿನಲ್ಲಿ ಎಂದೆ. ಬೀಗ ಇದೆಯಾ ಎಂದರು. ಇಲ್ಲ. ಹಾಗಾದರೆ ತೆಗೆದುಕೊಂಡು ಬಾ, ನೋಡೋಣ ಎಂದರು. ನಾನು ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಆ ಕಪಾಟಿಗೆ ಬೀಗ ಬೇಕಿರಲೇ ಇಲ್ಲ. ದೇವರ ದೀಪದ ಮುಂದೆ ಇಟ್ಟ ಆಣೆ, ದೇವರ ಪೀಠದ ಕೆಳಗೆ ಇಟ್ಟ ವಸ್ತು. ಅದನ್ನು ಮುಟ್ಟಿದರೆ ಊರಿನಲ್ಲಿ ಅಮ್ಮನಿಗೆ ಏನಾದೀತು, ತಮ್ಮನಿಗೆ ಏನಾದೀತು... ಇದನ್ನು ಬಿಡಿಸಿ ಹೇಳಲು ನನಗೆ ಎರಡು ದಿನ ಬೇಕಾಯಿತು. ನಗುತ್ತಾರೆ ಎಂದುಕೊಂಡಿದ್ದೆ. ಟೀಚರು ನಗಲಿಲ್ಲ. ತನ್ನ ಅಜ್ಜಿಯ ಅಜ್ಜಿಯ ಯಜಮಾನ ಪ್ರತಿ ಭಾನುವಾರ ಗುಲಾಮರನ್ನು ಕೂರಿಸಿ ಧರ್ಮಗ್ರಂಥ ಓದಿ ಹೇಳುತ್ತಿದ್ದನಂತೆ, ಯಜಮಾನನಿಗೆ ವಿಧೇಯರಾಗಿರಿ ಎಂಬ ಸಾಲನ್ನು ಮಾತ್ರ. ಗುಲಾಮಗಿರಿಯನ್ನು ವಿರೋಧಿಸಿದವರು ಅದೇ ಗ್ರಂಥವನ್ನು ತೆರೆದು ಬೇರೆ ಪುಟ ಓದಿದರು ಎಂದರು. ನಿನ್ನ ದೇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಬೇರೆ ಪುಟ ಇದೆಯೋ ಇಲ್ಲವೋ ನೀನೇ ನೋಡು ಎಂದು ಹೇಳಿ ಒಳಗೆ ಹೋದರು.

ಅದೇ ವಾರ ಅವರು ಇನ್ನೊಂದು ಕಥೆ ಹೇಳಿದರು. ಅಮೆರಿಕದ ಮೊಟ್ಟಮೊದಲ ಅಧ್ಯಕ್ಷರ ಮನೆಯಲ್ಲಿ, ಅಧ್ಯಕ್ಷರ ಹೆಂಡತಿಯ ಸೇವೆಗೆ ಒಬ್ಬ ಗುಲಾಮ ಹುಡುಗಿ ಇದ್ದಳಂತೆ. ಒಳ್ಳೆಯ ಬಟ್ಟೆ, ಒಳ್ಳೆಯ ಊಟ. ಒಂದು ದಿನ ಅವರೆಲ್ಲ ಊಟಕ್ಕೆ ಕುಳಿತಿದ್ದಾಗ ಬಾಗಿಲು ದಾಟಿ ನಡೆದುಬಿಟ್ಟಳು. ಹೋಗಲು ಅವಳಿಗೆ ಯಾವ ಕಾರಣವೂ ಇರಲಿಲ್ಲ ಎಂದು ಮನೆಯವರು ಪೇಪರಿನಲ್ಲಿ ಹಾಕಿಸಿದರಂತೆ. ಅವಳು ಉಳಿದ ಜೀವನವನ್ನೆಲ್ಲ ಬಡತನದಲ್ಲಿ ಕಳೆದಳು, ಹಿಂದೆ ಹೋಗಲಿಲ್ಲ. ಮುದುಕಿಯಾದ ಮೇಲೆ, ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದ ಪೇಪರಿನವರಿಗೆ ತನ್ನ ಕಥೆಯನ್ನು ತಾನೇ ಹೇಳಿದಳು. ಟೀಚರು ಇಷ್ಟು ಹೇಳಿ, ತನ್ನ ಮನೆಯ ಪಕ್ಕದ ಗೇಟಿಗೆ ಇನ್ನು ಮೇಲೆ ಚಿಲಕ ಹಾಕುವುದಿಲ್ಲ ಎಂದರು. ಬಾ ಎನ್ನಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಹೊರಡುವವಳು ನೀನು, ದಿನ ಗೊತ್ತು ಮಾಡುವವಳೂ ನೀನೇ ಎಂದರು.

ಬೇರೆ ಪುಟ ನನಗೆ ಸಿಕ್ಕಿದ್ದು ಪಾತ್ರೆ ತೊಳೆಯುವಾಗ. ನಮ್ಮ ಊರಿನಲ್ಲಿ ಹರಕೆ ತಪ್ಪಿದರೆ, ಆಡಿದ ಮಾತು ನಡೆಸಲಾಗದಿದ್ದರೆ, ದೇವರ ಮುಂದೆ ತಪ್ಪು ಕಾಣಿಕೆ ಇಡುತ್ತಾರೆ. ತಪ್ಪಾಯಿತು ಎಂದು ಒಪ್ಪಿಕೊಂಡು, ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿಟ್ಟರೆ ದೇವರು ಮತ್ತೆ ಲೆಕ್ಕ ಕೇಳುವುದಿಲ್ಲ. ಮನುಷ್ಯ ಮಾತು ತಪ್ಪುತ್ತಾನೆ ಎಂದು ದೇವರಿಗೆ ಮೊದಲೇ ಗೊತ್ತು, ಅದಕ್ಕೇ ದಾರಿ ಮಾಡಿಟ್ಟಿದ್ದಾನೆ. ಒಂದೂವರೆ ವರ್ಷ ದಿನಾ ದೀಪ ಹಚ್ಚಿದರೂ ನನಗೆ ಇದು ಹೊಳೆದಿರಲಿಲ್ಲ ನೋಡಿ! ಕೈಯಲ್ಲಿದ್ದ ಕುಕ್ಕರನ್ನು ಸಿಂಕಿನಲ್ಲಿ ಬಿಟ್ಟು ನಾನು ಗಟ್ಟಿಯಾಗಿ ನಕ್ಕೆ. ಮಗು ಓಡಿ ಬಂದು ನನ್ನ ಮುಖ ನೋಡಿ ತಾನೂ ನಕ್ಕಿತು.

ಆ ಭಾನುವಾರ ನಾಲ್ಕು ಜನ ನೆಂಟರಿದ್ದರು. ಎಲ್ಲರಿಗೂ ಬಡಿಸಿ, ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, ಕೈ ತೊಳೆದುಕೊಂಡು ದೇವರ ಕಪಾಟಿನ ಮುಂದೆ ನಿಂತೆ. ನನ್ನ ಹತ್ತಿರ ಒಂದು ಡಾಲರಿನ ನಾಣ್ಯ ಇತ್ತು, ಕಾಂಗರೂಗಳಿರುವಂಥದ್ದು. ಅದು ಭಾವನ ಪ್ಯಾಂಟು ಒಗೆಯುವಾಗ ಕಿಸೆಯಲ್ಲಿ ಸಿಕ್ಕಿದ್ದು. ತಪ್ಪು ಕಾಣಿಕೆ ಇಟ್ಟವಳು ನಾನು, ಕಾಸು ಅವರದ್ದು. ನ್ಯಾಯವಾಗಿಯೇ ಇತ್ತು. ಅರಿಸಿನದ ಬಟ್ಟೆಯ ಗಂಟನ್ನು ಪೀಠದ ಕೆಳಗೆ ಇಟ್ಟೆ, ಪಾಸ್‌ಪೋರ್ಟ್ ತೆಗೆದೆ. ಅದರ ಮೇಲೆಲ್ಲ ಕುಂಕುಮ. ಮಗು ಒಳಗೆ ಮಲಗಿತ್ತು. ಬಾಗಿಲಲ್ಲಿ ನಿಂತು ನೋಡಿದೆ, ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದೆನೇನೋ...

ಟೀಚರು ಇದೇ ಬಾಣಲೆಯಲ್ಲಿ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದರು. ನನ್ನನ್ನು ನೋಡಿ ಏನೂ ಕೇಳದೆ ಇನ್ನೊಂದು ತಟ್ಟೆ ಇಟ್ಟರು. ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಭಾವ, ಹಿಂದೆ ಅಕ್ಕ. ಟೀಚರು ಬಾಗಿಲಿಗೆ ಅಡ್ಡ ನಿಂತು, ಅವಳು ಇಲ್ಲಿದ್ದಾಳೆ, ಮಾತಾಡಲು ಇಷ್ಟವಿದ್ದರೆ ಅವಳೇ ಬರುತ್ತಾಳೆ ಎಂದರು. ನಾನು ಬಂದೆ.

"ನಾನು ಬರುವುದಿಲ್ಲ ಭಾವ" ಎಂದೆ.

"ನಿಂಗೇನ್ ಕಡಿಮೆ ಮಾಡಿದ್ವಿ, ಹೇಳು" ಎಂದಳು ಅಕ್ಕ. ಅವಳ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. "ಸ್ವಂತ ತಂಗಿ ಥರ ನೋಡ್ಕೊಂಡ್ವಿ. ದೇವ್ರ ಮುಂದೆ ಮಾತ್ ಕೊಟ್ಟಿದ್ದೆ ನೀನು."

"ತಪ್ಪು ಕಾಣಿಕೆ ಇಟ್ಟಿದ್ದೇನೆ ಅಕ್ಕ. ಹೋಗಿ ನೋಡಿ, ಪೀಠದ ಅಡಿಯಲ್ಲಿ ಉಂಟು. ದೇವರಿಗೂ ನನಗೂ ಚುಕ್ತಾ ಆಯ್ತು. ನಿಮಗೂ ನನಗೂ ಎಂತ ಉಂಟು ಅಂತ ನೀವೇ ಹೇಳಿ."

ಅಕ್ಕ ಕಣ್ಣು ಒರೆಸಿಕೊಂಡು ಭಾವನನ್ನು ಕರೆದುಕೊಂಡು ಹೋದಳು. ಆಮೇಲಿನದ್ದು ಉದ್ದದ ಕಥೆ. ಬಿಟ್ಟಿಯಾಗಿ ವಾದಿಸಿದ ಒಬ್ಬ ಲಾಯರಮ್ಮ, ಎರಡು ವರ್ಷದ ಫಾರಂಗಳು, ಟೀಚರ ಮನೆಯ ಹಿಂದಿನ ಕೋಣೆ, ಆಮೇಲೆ ವೃದ್ಧರನ್ನು ನೋಡಿಕೊಳ್ಳುವ ಕೋರ್ಸು, ಕೆಲಸ, ಇಲ್ಲೇ ಕಾಯಂ ಆಗಿ ಇರಲು ಪಿಆರ್. ಟೀಚರಿಗೆ ಮೊಣಕಾಲು ಕೈಕೊಟ್ಟ ಮೇಲೆ ಮಗಳು ಅವರನ್ನು ಮೆಲ್ಬರ್ನಿಗೆ ಕರೆದುಕೊಂಡು ಹೋದಳು. ವರ್ಷಕ್ಕೊಮ್ಮೆ ನಾನು ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಅವರದ್ದು ಒಂದೇ ಪ್ರಶ್ನೆ: ನಿನ್ನ ಕಥೆಯನ್ನು ಯಾವಾಗ ಹೇಳುತ್ತೀ? ಆ ಕಾಲದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ವೇದಿಕೆ ಹತ್ತಿ ನಿಂತು, ಯಾರ ಮನೆ, ಯಾವ ಊರು ಎಂದು ಹೆಸರು ಹಿಡಿದು ಹೇಳಿದ್ದರಿಂದ ಜನ ನಂಬಿದರು. ಉಳಿದವರು ಎಷ್ಟು ಭಾಷಣ ಮಾಡಿದರೂ ಅದು ಕೇಳಿದ ಮಾತು ಎಂದು ಜನ ತಳ್ಳಿಹಾಕಿದರು ಎಂದು ಟೀಚರು ಹೇಳುತ್ತಿದ್ದರು. ನಾನು ಮುಂದಿನ ವರ್ಷ ಎನ್ನುತ್ತಿದ್ದೆ. ಊರಿನಲ್ಲಿ ಅಮ್ಮನಿಗೆ ತಲೆ ತಗ್ಗಿಸುವಂತಾಗುತ್ತದೆ, ನಾಳೆ ಇಲ್ಲಿಯ ನಮ್ಮವರ ಮದುವೆ ಮುಂಜಿಗಳಲ್ಲಿ ಯಾರೂ ಮಾತಾಡಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಮಗು. ಅದಕ್ಕೆ ಅಪ್ಪ ಅಮ್ಮನ ಬಗ್ಗೆ ಇಂಥದ್ದು ತಿಳಿಯಬಾರದು.

ಹೋದ ವರ್ಷ ಇದೇ ಮಾತಿಗೆ ನಮಗೆ ಜಗಳವಾಯಿತು. ನೀನು ಆ ಮಗುವನ್ನು ಕಾಪಾಡುತ್ತಿಲ್ಲ, ಕಪಾಟನ್ನು ಕಾಪಾಡುತ್ತಿದ್ದೀಯೆ ಎಂದರು. ಹಾಸಿಗೆ ಹಿಡಿದ ಮುದುಕಿಯ ಮೇಲೆ ನಾನು ದನಿ ಎತ್ತಿದೆ. ನಿಮಗೆ ನಮ್ಮವರ ಮರ್ಯಾದೆ ಎಂದರೇನೆಂದು ಗೊತ್ತಿಲ್ಲ ಎಂದೆ. ಊಟ ಮಾಡದೆ ಎದ್ದು ಬಂದೆ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದೆವು, ಗಿಡ, ಮೊಣಕಾಲು, ಹವಾಮಾನ... ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಈ ಚಳಿಗಾಲದ ಆರಂಭದಲ್ಲಿ ಟೀಚರು ನಿದ್ದೆಯಲ್ಲೇ ಹೋದರು.

ಮೆಲ್ಬರ್ನಿನ ಚರ್ಚಿನಲ್ಲಿ ಅವರ ಮಗಳು, ನೀನೂ ಎರಡು ಮಾತಾಡು ಎಂದಳು. ಅಮ್ಮ ನಿನ್ನ ಬಗ್ಗೆ ಬಹಳ ಹೇಳುತ್ತಿದ್ದರು ಎಂದಳು. ಒಳ್ಳೆಯವರಾಗಿದ್ದರು, ತರಕಾರಿ ಬೆಳೆಯುತ್ತಿದ್ದರು ಎಂದು ಹೇಳಿ ಇಳಿದು ಬರಬೇಕೆಂದೇ ಮೈಕಿನ ಮುಂದೆ ನಿಂತದ್ದು. ಎದುರಿಗೆ ಅವರ ಹಳೆಯ ಶಿಷ್ಯರು, ತಲೆ ನರೆತವರು, ಸಾಲಾಗಿ ಕುಳಿತಿದ್ದರು. ಪೆಟ್ಟಿಗೆಯಲ್ಲಿ ಟೀಚರು. ನನಗೆ ಎಲ್ಲಿಂದಲೋ ರೋಷ ಬಂತು, ನನ್ನ ಮೇಲೆಯೇ. ಬೀದಿಯ ಹೆಸರು, ಮನೆ ನಂಬರು, ಅಕ್ಕನ ಹೆಸರು, ಭಾವನ ಹೆಸರು, ದೇವರ ಕಪಾಟು, ತಪ್ಪು ಕಾಣಿಕೆ, ಒಂದನ್ನೂ ಬಿಡದೆ ಹೇಳಿದೆ. ನನ್ನ ಹೆಸರನ್ನೂ ಹೇಳಿದೆ. ಹತ್ತು ವರ್ಷ ಕಾದ ಒಬ್ಬರೇ ಒಬ್ಬರಿಗೆ ಮಾತ್ರ ಅದು ಕೇಳಿಸಲಿಲ್ಲ.

ಯಾರೋ ರೆಕಾರ್ಡ್ ಮಾಡಿದ್ದರು. ನಾನು ಸಿಡ್ನಿಗೆ ಬರುವಷ್ಟರಲ್ಲಿ ಅದು ನಮ್ಮವರ ವಾಟ್ಸ್ಯಾಪ್ ಗ್ರೂಪುಗಳಿಗೆಲ್ಲ ಹಬ್ಬಿತ್ತು. ಇಲ್ಲಿಯ ಹಬ್ಬಗಳಲ್ಲಿ ಮುಂದೆ ನಿಂತು ಓಡಾಡುವ ಅಂಕಲ್ ಒಬ್ಬರು ಫೋನ್ ಮಾಡಿದರು.

"ಹೆಸ್ರು ಹೇಳ್ಬಾರ್ದಿತ್ತಮ್ಮ. ನಮ್ಮೋರ ವಿಷ್ಯ ನಮ್ಮಲ್ಲೇ ಇದ್ದಿದ್ರೆ ಚೆನ್ನಾಗಿತ್ತು."

"ನಮ್ಮಲ್ಲೇ ಇತ್ತಲ್ಲ ಅಂಕಲ್, ಹತ್ತು ವರ್ಷ. ಆಗ ಎಂತ ಮಾಡಿದಿರಿ?" ಎಂದೆ. ಅವರಿಗೆ ಬೇರೆ ಯಾವುದೋ ಕಾಲ್ ಬಂತಂತೆ.

ಅಕ್ಕ ಫೋನ್ ಮಾಡಲಿಲ್ಲ. ಮೊನ್ನೆ ಸಂಜೆ ಪರಿಚಯವಿಲ್ಲದ ನಂಬರಿನಿಂದ ಒಂದು ಕಾಲ್ ಬಂತು. ಹದಿನಾಲ್ಕು ವರ್ಷದ ಹುಡುಗಿಯ ದನಿ, ಇಂಗ್ಲಿಷು. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಆ ಮಗು ತನ್ನ ಸ್ನೇಹಿತೆಯ ಫೋನಿನಲ್ಲಿ ಆ ವಿಡಿಯೋ ನೋಡಿತ್ತು. ನೀನು ಕಾರಣವೇ ಇಲ್ಲದೆ ಹೋದೆ ಎಂದು ಅಮ್ಮ ಹೇಳಿದ್ದಳು, ನಿಜವಾ ಎಂದು ಕೇಳಿತು. ಆಮೇಲೆ, ತಾನು ಇಷ್ಟು ವರ್ಷ ನನ್ನನ್ನು ತಮ್ಮ ಮನೆಯವಳೇ ಎಂದುಕೊಂಡಿದ್ದಾಗಿ ಹೇಳಿತು.

"ನಾನೂ ಹಾಗೇ ಅಂದುಕೊಂಡಿದ್ದೆ ಪುಟ್ಟೀ" ಎಂದೆ.

ಎಲ್ಲವನ್ನೂ ಎದುರಿಗೇ ಕೇಳಬೇಕು, ಶನಿವಾರ ಟ್ರೈನಿನಲ್ಲಿ ಬರಲಾ ಎಂದಿತು. ಬಾ ಎಂದೆ. ಅಮ್ಮನಿಗೆ ಲೈಬ್ರರಿಗೆ ಹೋಗುತ್ತೇನೆ ಎಂದು ಹೇಳಿ ಬರುತ್ತೇನೆ ಎಂದಾಗ ನಾನು ತಡೆದೆ.

"ಬೇಡ. ನನ್ನ ಮನೆಗೆ ಬರುತ್ತಿದ್ದೇನೆ ಅಂತ ಹೇಳಿಯೇ ಬಾ."

ನಾಳೆ ಶನಿವಾರ. ಅಕ್ಕ ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಿಡದಿದ್ದರೆ ನಾನೇ ಗಿರಾವೀನಿಗೆ ಹೋಗಿ ಆ ಬಾಗಿಲು ಬಡಿಯುತ್ತೇನೆ. ಈ ಹುಡುಗಿಗೆ ಎಲ್ಲಿಂದ ಶುರು ಮಾಡಿ ಹೇಗೆ ಹೇಳಬೇಕೆಂದು ಕೇಳೋಣವೆಂದರೆ ಟೀಚರು ಇಲ್ಲ. ಇಷ್ಟು ವರ್ಷ ಅವರು ಮಾತಾಡಿದರು, ನಾನು ಬೇಲಿಯ ಈಚೆ ನಿಂತು ಕೇಳಿದೆ. ಇನ್ನು ಮಾತೆಲ್ಲ ನಾನೇ ಆಡಬೇಕು.